ಐತಿಹಾಸಿಕ ಪ್ರೇಮ ಕಾದಂಬರಿ: ಮೊದಲು ಇಸವಿ, ಆಮೇಲೆ ನಾಯಕಿ

ನಮ್ಮ ರಾಯಚೂರು ಸೀಮೆಯವರು ಪ್ರೇಮಕಥೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಮುದಗಲ್ಲಿನ ಅಕ್ಕಸಾಲಿಗನ ಮಗಳ ಕಥೆಯನ್ನು ಪಾರಸಿ ಭಾಷೆಯ ಇತಿಹಾಸಕಾರ ಫೆರಿಷ್ತಾ ಬರೆದಿಟ್ಟಿದ್ದಾನೆ. ಕಾಶಿಯಾತ್ರೆಯಿಂದ ಮರಳುತ್ತಿದ್ದ ಬ್ರಾಹ್ಮಣನೊಬ್ಬ ಅವಳ ಚೆಲುವಿನ ಸುದ್ದಿಯನ್ನು ವಿಜಯನಗರದ ಮೊದಲನೇ ದೇವರಾಯನ ಕಿವಿಗೆ ಹಾಕುತ್ತಾನೆ. ಅರಸ ಕಾಣಿಕೆ ಕಳಿಸುತ್ತಾನೆ. ತಂದೆ ತಾಯಿ ಹಿಗ್ಗುತ್ತಾರೆ, ಹುಡುಗಿ ಒಲ್ಲೆ ಅನ್ನುತ್ತಾಳೆ. ದಂಡು ಬರುತ್ತದೆ, ಮನೆಯವರು ಊರು ಬಿಡುತ್ತಾರೆ, ಬಹಮನಿ ಸುಲ್ತಾನ ಫಿರೋಜ್ ಷಾ ಯುದ್ಧಕ್ಕೆ ಇಳಿಯುತ್ತಾನೆ, ಕೊನೆಗೆ ಅವನ ಮಗ ಹಸನ್ ಖಾನನಿಗೆ ಈ ಹುಡುಗಿಯೊಡನೆ ಮದುವೆಯಾಗುತ್ತದೆ. ಫೆರಿಷ್ತಾ ಇದನ್ನು ಬರೆದದ್ದು ಸುಮಾರು 200 ವರ್ಷ ಕಳೆದ ಮೇಲೆ. ಅದಕ್ಕೇ ಇತಿಹಾಸಕಾರರು ಇದನ್ನು ಅನುಮಾನದಿಂದಲೇ ನೋಡುತ್ತಾರೆ. ನಾನು ಕೆಲಸ ಮಾಡುವ ಬಗೆಯನ್ನು ಇದೇ ಕಥೆ ಇಟ್ಟುಕೊಂಡು ಹೇಳುತ್ತೇನೆ.

ನಾಯಕಿಯ ಕಣ್ಣು, ಜಡೆ, ನಡಿಗೆ ಯಾವುದನ್ನೂ ನಾನು ಮೊದಲು ಬರೆಯುವುದಿಲ್ಲ. ಮೊದಲು ಇಸವಿ ಕಟ್ಟಬೇಕು. ಪ್ರೇಮಿಗಳಿಗೆ ಅಡ್ಡ ಬರುವುದು ಆ ವರ್ಷದ ಹೊಳೆ, ದಾರಿ, ದಂಡು, ಬೆಳೆ. ಅವು ಸರಿಯಾಗಿ ಸಿಕ್ಕರೆ ಖಳನಾಯಕನನ್ನು ಹುಟ್ಟಿಸುವ ಕೆಲಸವೇ ಇರುವುದಿಲ್ಲ.

ಫೆರಿಷ್ತಾ ಕೊಡುವುದು ಹಿಜರಿ 809. ಅಂದರೆ 1406ರ ಜೂನ್‌ನಿಂದ 1407ರ ಜೂನ್‌ವರೆಗೆ. ದೇವರಾಯನ ಪಟ್ಟಾಭಿಷೇಕ ಶಕ 1328, ವ್ಯಯ ಸಂವತ್ಸರ, ಕಾರ್ತಿಕ ಬಹುಳ ದಶಮಿ, ಅಂದರೆ 1406ರ ನವೆಂಬರ್ 5. ಹೀಗಾಗಿ ಕಥೆ ನವೆಂಬರ್‌ಗಿಂತ ಮುಂಚೆ ಶುರುವಾಗುವಂತಿಲ್ಲ. ಶಕವರ್ಷಕ್ಕೆ 78 ಕೂಡಿಸಿ, ಪುಷ್ಯದಿಂದಾಚೆಯ ತಿಂಗಳಾದರೆ ಹೆಚ್ಚಾಗಿ 79. ಆಮೇಲೆ ಸಂವತ್ಸರದ ಹೆಸರು ತಾಳೆ ನೋಡಿ. ಶಾಸನದಲ್ಲಿ ಕೆಲವೊಮ್ಮೆ ಪೂರ್ತಿ ಮುಗಿದ ವರ್ಷಗಳನ್ನಷ್ಟೇ, ಕೆಲವೊಮ್ಮೆ ನಡೆಯುತ್ತಿರುವ ವರ್ಷವನ್ನೂ ಸೇರಿಸಿ ಎಣಿಸಿರುತ್ತಾರೆ. ಒಂದು ವರ್ಷದ ಗೊಂದಲವನ್ನು ಬಿಡಿಸುವುದು ಸಂವತ್ಸರವೇ.

ಇನ್ನು ಚಂದ್ರ. ಪ್ರೇಮ ಕಾದಂಬರಿಯಲ್ಲಿ ಅತಿ ಹೆಚ್ಚು ತಪ್ಪುವುದು ಇಲ್ಲೇ. ಹುಣ್ಣಿಮೆ ಕಳೆದ ಮೇಲೆ ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನೆ, ಬಹುಳ ಅಷ್ಟಮಿಯ ಹೊತ್ತಿಗೆ ನಡುರಾತ್ರಿ ಆಗಿರುತ್ತದೆ. ಅವತ್ತು ಸಂಜೆ ಬೆಳದಿಂಗಳಲ್ಲಿ ಯಾರನ್ನೂ ಭೇಟಿ ಮಾಡಿಸಬೇಡಿ. ಕೃಷ್ಣದೇವರಾಯ ಬಿಜಾಪುರದ ಆದಿಲ್ ಷಾನ ಮೇಲೆ ಮಾಡಿದ ರಾಯಚೂರು ಕದನವನ್ನೇ ನೋಡಿ. ಅದಕ್ಕೆ ಪೋರ್ಚುಗೀಸ್ ಬರಹಗಾರ ನೂನಿಜ್ 1522 ಅಂದಿದ್ದಾನೆ. ವಿಜಯನಗರದ ಇತಿಹಾಸ ಬರೆದ ಸ್ಯೂಯೆಲ್ ಅಮಾವಾಸ್ಯೆಯ ಲೆಕ್ಕ ಮತ್ತು ಶನಿವಾರ ಎರಡನ್ನೂ ಹೊಂದಿಸಿ ನೋಡಿ ಅದು 1520ರ ಮೇ 19 ಎಂದು ತೋರಿಸಿದ. ಆ ಕದನದ ಹಿಂದಿನ ರಾತ್ರಿಯ ವಿದಾಯ ಬರೆಯುವವರು ಅದನ್ನು ಕತ್ತಲಲ್ಲೇ ಬರೆಯಬೇಕು, ಕೈ ತಡವಿ, ದನಿ ಕೇಳಿ. ನನಗಂತೂ ಅದು ಬೆಳದಿಂಗಳಿಗಿಂತ ಒಳ್ಳೆಯ ದೃಶ್ಯ.

ದೂರವನ್ನು ನಕ್ಷೆಯ ಮೇಲೆ ದಾರ ಇಟ್ಟು ಅಳೆಯುತ್ತೇನೆ. ಮುದಗಲ್ಲಿನಿಂದ ವಿಜಯನಗರಕ್ಕೆ ನೇರವಾಗಿ ಸುಮಾರು 75 ಕಿ.ಮೀ. ಎತ್ತಿನ ಗಾಡಿ ದಿನಕ್ಕೆ 20ರಿಂದ 25 ಕಿ.ಮೀ. ಸಾಗುತ್ತದೆ, ಬಂಡಿದಾರಿಯ ಸುತ್ತು ಬೇರೆ ಇದೆ. ನಾಲ್ಕು ದಿನ ಬೇಕೇ ಬೇಕು, ಕುದುರೆ ಸವಾರನಿಗೆ ಎರಡು. ಆನೆಗೊಂದಿಯ ಹತ್ತಿರ ಹೊಳೆ ದಾಟಲು ಹರಿಗೋಲು. ಬೆತ್ತ ಹೆಣೆದು ಹೊರಗೆ ತೊಗಲು ಹೊದಿಸಿದ ದುಂಡು ದೋಣಿಯಲ್ಲಿ ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ ಎಂದು ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ಪಾಯಸ್ ಬರೆದಿದ್ದಾನೆ. ಅಂದಮೇಲೆ ಹುಡುಗಿ ಒಲ್ಲೆ ಅಂದ ಸುದ್ದಿ ಅರಸನಿಗೆ ಮುಟ್ಟಿ, ಅಲ್ಲಿಂದ ಮರುಮಾತು ಬರುವುದಕ್ಕೆ ಒಂದು ವಾರ ಹಿಡಿಯುತ್ತದೆ. ಆ ವಾರದಲ್ಲಿ ಮನೆಯೊಳಗೆ ತಾಯಿ ಮಗಳ ನಡುವೆ ಏನೇನು ನಡೆಯಿತೋ ಅದೇ ನಿಮ್ಮ ಎರಡು ಅಧ್ಯಾಯ.

ನೆಲವನ್ನು ಕಣ್ಣಿಗೆ ಕಂಡ ಹಾಗೆ ಬರೆದರೂ ಕೆಡುತ್ತದೆ. ಬಳ್ಳಾರಿ ಜಾಲಿ ಈ ನಾಡಿನ ಗಿಡವಲ್ಲ, ಅಮೆರಿಕ ಕಡೆಯಿಂದ ಬಂದದ್ದು. ಅದನ್ನು ಅಳಿಸಿ ಬೇವು, ಬನ್ನಿ, ಕರಿಜಾಲಿ ಇಡಿ. ಸಿಂಧನೂರಿನ ಭತ್ತದ ಬಯಲು 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಕಾಲುವೆಯಿಂದ ಬಂದದ್ದು. ಅದಕ್ಕೂ ಹಿಂದೆ ಅಲ್ಲಿ ಎರೆಭೂಮಿ, ಜೋಳ, ಹತ್ತಿ. ನವೆಂಬರ್ ಡಿಸೆಂಬರ್‌ನಲ್ಲಿ ಹಿಂಗಾರಿ ಜೋಳ ಎತ್ತರಕ್ಕೆ ನಿಂತಿರುತ್ತದೆ. ಓಡಿಹೋಗುವ ಕುಟುಂಬವನ್ನು ಮುಚ್ಚುವುದಕ್ಕೆ ಅಷ್ಟು ಸಾಕು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಹೊರಟ ಜನದ ನಡುವೆ ಅವರನ್ನು ಸೇರಿಸಿಬಿಟ್ಟರೆ ಯಾರಿಗೂ ಅನುಮಾನ ಬರುವುದಿಲ್ಲ.

ಕಟ್ಟಡಗಳಿಗೂ ಇದೇ ಮಾತು. 1406ರಲ್ಲಿ ಹಂಪಿಯ ಕಲ್ಲಿನ ರಥ ಇರಲಿಲ್ಲ, ವಿರೂಪಾಕ್ಷನ ಗುಡಿಯ ರಂಗಮಂಟಪವೂ ಇರಲಿಲ್ಲ, ಅದು 1510ರದ್ದು. ಹಜಾರರಾಮ ಗುಡಿ ದೇವರಾಯನ ಕಾಲದ್ದೇ ಎನ್ನುತ್ತಾರೆ, ಉಳಿಪೆಟ್ಟಿನ ಸದ್ದು ಬೇಕಾದರೆ ಅಲ್ಲಿ ಕೇಳಿಸಬಹುದು. ಮುದಗಲ್ ಕೋಟೆಯಲ್ಲಿ ಈಗ ಕಾಣುವ ತೋಪಿನ ಬುರುಜುಗಳನ್ನು ಈ ಕಥೆಗೆ ತರಬೇಡಿ.

ಅಡುಗೆಮನೆಯಲ್ಲಿ ಹಸಿಮೆಣಸಿನಕಾಯಿ, ಶೇಂಗಾ, ಟೊಮೆಟೊ, ಮೆಕ್ಕೆಜೋಳ ಬೇಡ. ಖಾರಕ್ಕೆ ಕರಿಮೆಣಸು, ಹಿಪ್ಪಲಿ, ಶುಂಠಿ. ಜೋಳದ ರೊಟ್ಟಿಗೆ ಗುರೆಳ್ಳು ಹಿಂಡಿ ಇಟ್ಟರೆ ನಮ್ಮ ಕಡೆಯ ಓದುಗರಿಗೆ ಬಾಯಲ್ಲಿ ನೀರೂರುತ್ತದೆ, ಕಾಲವೂ ಕೆಡುವುದಿಲ್ಲ. ಮುಡಿಗೆ ಮಲ್ಲಿಗೆ, ಸಂಪಿಗೆ, ಕೇದಗೆ. ಚೆಂಡು ಹೂವು, ಸುಗಂಧರಾಜ ಎರಡೂ ಸಾಗರದಾಚೆಯವು.

ಪ್ರೇಮಪತ್ರದ ಮೇಲೆ ಕಣ್ಣೀರು ಬಿದ್ದು ಅಕ್ಷರ ಕಲಸಿಹೋಗುವ ದೃಶ್ಯ ಬಹಳ ಹಸ್ತಪ್ರತಿಗಳಲ್ಲಿ ಬರುತ್ತದೆ. ತಾಳೆಗರಿಯಲ್ಲಿ ಹಾಗೆ ಆಗುವುದಿಲ್ಲ. ಕಂಠ ಎಂಬ ಲೋಹದ ಲೇಖನಿಯ ಮೊನೆಯಿಂದ ಅಕ್ಷರ ಕೊರೆಯಬೇಕು, ಮೇಲೆ ಮಸಿ ತೀಡಿ ಒರೆಸಿದರೆ ಗೀರಿನೊಳಗೆ ಕಪ್ಪು ಉಳಿಯುತ್ತದೆ. ಮಸಿ ತೀಡದ ಓಲೆ ಸುಮ್ಮನೆ ನೋಡಿದರೆ ಬರಿ ಗರಿ, ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಅಕ್ಷರ. ಗುಟ್ಟಿನ ಓಲೆಗೆ ಇದಕ್ಕಿಂತ ಒಳ್ಳೆಯ ಉಪಾಯ ಎಲ್ಲಿದೆ?

ನಾಯಕಿಯ ಮನಸ್ಸನ್ನು ನಾನು ಅವಳ ಮನೆಯ ಕಸುಬಿನಿಂದ ತೆಗೆಯುತ್ತೇನೆ. ಇದಕ್ಕೆ ಪುಸ್ತಕ ಸಾಲದು, ಅಕ್ಕಸಾಲಿಗರ ಅಂಗಡಿಯಲ್ಲಿ ಸುಮ್ಮನೆ ಕೂತು ನೋಡಬೇಕು. ಅಗ್ಗಿಷ್ಟಿಕೆ, ಊದುಗೊಳವೆ, ಮೂಸೆ, ಬೆಸುಗೆಗೆ ಬಿಳಿಗಾರ, ತೂಕಕ್ಕೆ ಗುಲಗಂಜಿ. ಒಂದು ವರಾಹ, ಅಂದರೆ ಆ ಕಾಲದ ಚಿನ್ನದ ನಾಣ್ಯ, ಸುಮಾರು 3.4 ಗ್ರಾಂ, ಗುಲಗಂಜಿಯಲ್ಲಿ 28ರ ಆಸುಪಾಸು. ಒರೆಗಲ್ಲಿನ ಮೇಲೆ ಒಡವೆಯ ಅಂಚನ್ನು ಒಮ್ಮೆ ಎಳೆದು, ಪಕ್ಕದಲ್ಲಿ ಗುಣ ಗೊತ್ತಿರುವ ಚಿನ್ನದ ಕಡ್ಡಿ ಎಳೆದು, ಎರಡು ಗೆರೆಗಳ ಬಣ್ಣ ಹೋಲಿಸುತ್ತಾರೆ. ಇಂಥ ಮನೆಯಲ್ಲಿ ಬೆಳೆದವಳು ಅರಸ ಕಳಿಸಿದ ಸರವನ್ನು ಕೊರಳಿಗೆ ಹಾಕಿಕೊಳ್ಳುವ ಮೊದಲು ಅಂಗೈಯಲ್ಲಿ ತೂಗುತ್ತಾಳೆ. ಕಲ್ಲಿಗೆ ಎಳೆಯುತ್ತಾಳೆ. ಗೆರೆ ಅಪರಂಜಿಯಂತೆ ಹೊಳೆಯುತ್ತದೆ. ಆದರೂ ತಟ್ಟೆಗೆ ವಾಪಸು ಇಟ್ಟು, “ಎಪ್ಪಾ, ಬಂಗಾರಕ್ಕ ಕುಂದಿಲ್ಲ. ಅರಮನಿ ಹೊಕ್ಕಮ್ಯಾಲ ನಿಮ್ಮ ಮಾರಿ ಕಾಣಾಂಗಿಲ್ಲಲ್ಲ” ಅನ್ನುತ್ತಾಳೆ. ಅರಮನೆ ಸೇರಿದವರು ಮತ್ತೆ ತವರಿನವರನ್ನು ಕಾಣುವಂತಿಲ್ಲ ಎಂಬ ಕಾರಣ ಫೆರಿಷ್ತಾನದ್ದೇ. ಒರೆಗಲ್ಲು ನನ್ನದು.

ಮಾತಿಗೆ ಹಳಗನ್ನಡ ಬಳಸಿದರೆ ಓದುಗ ದೂರ ಸರಿಯುತ್ತಾನೆ, ಇವತ್ತಿನ ಪೇಟೆಮಾತು ಬಳಸಿದರೆ ಕಾಲ ಕುಸಿಯುತ್ತದೆ. ಮನೆಮಾತಿಗೆ ನಮ್ಮ ಹಳ್ಳಿಯ ಆಡುನುಡಿ, ಆಸ್ಥಾನಕ್ಕೆ ಸರಳ ಗ್ರಂಥಕನ್ನಡ, ಇಷ್ಟೇ ನನ್ನ ಕಟ್ಟು. ಕಲೆಹಾಕಿದ ವಿವರದಲ್ಲಿ ಪಾತ್ರದ ಕೈಗೆ ತಾಕದಿದ್ದದ್ದನ್ನೆಲ್ಲ ತೆಗೆದುಬಿಡುತ್ತೇನೆ, ಎಷ್ಟೇ ಕಷ್ಟಪಟ್ಟು ಹುಡುಕಿದ್ದರೂ.

ಶಾಸನ ನೋಡಲು ಬೆಳಗ್ಗೆ ಅಥವಾ ಇಳಿಹೊತ್ತಿಗೆ ಹೋಗಿ. ಓರೆ ಬಿಸಿಲಿನಲ್ಲಿ ಅಕ್ಷರದ ನೆರಳು ಏಳುತ್ತದೆ. ಕಲ್ಲಿಗೆ ಸುಣ್ಣ, ಹಿಟ್ಟು ಬಳಿಯಬೇಡಿ. ಕತ್ತಲ ಗುಡಿಯಾದರೆ ಟಾರ್ಚನ್ನು ಪಕ್ಕದಿಂದ ಹಿಡಿದು ಫೋಟೊ ತೆಗೆದರೆ ಸಾಕು. ಕನ್ನಡ ವಿಶ್ವವಿದ್ಯಾಲಯದ ಜಿಲ್ಲಾವಾರು ಶಾಸನ ಸಂಪುಟಗಳನ್ನು ಹೊರಡುವ ಮೊದಲೇ ಓದಿಕೊಳ್ಳಿ.

ಡೆಮಿ ಆಕಾರದ ಪುಟಕ್ಕೆ 220ರಿಂದ 250 ಪದ ಹಿಡಿಸುತ್ತದೆ. 60,000 ಪದ ಅಂದರೆ ಸುಮಾರು 250 ಪುಟ. ಅಚ್ಚಿಗೆ ಕೊಡುವ ಮುನ್ನ ಕಂಪ್ಯೂಟರಿನಲ್ಲಿ ನಿಮಿಷ, ಗಂಟೆ, ಮೈಲಿ, ಚಹಾ, ಮೇಜು, ಚಾವಿ, ಜೇಬು ಎಂಬ ಪದಗಳನ್ನು ಒಂದೊಂದಾಗಿ ಹುಡುಕಿ. ನಿಮಿಷ, ಗಂಟೆ ಇದ್ದ ಕಡೆ ಗಳಿಗೆ, ಜಾವ, ಮೈಲಿಗೆ ಹರದಾರಿ, ಚಾವಿಗೆ ಬೀಗದ ಕೈ ಬರಲಿ. ಜೇಬಿನಿಂದ ತೆಗೆದ ಓಲೆಯನ್ನು ಸೊಂಟದ ಸುತ್ತಿನಿಂದ ತೆಗೆಸಿ.