ಲೆವೆಲ್ ಪೈಪು ಹೇಳಿದ ಲೆಕ್ಕ

ಗೋಬರ್ ಗ್ಯಾಸ್ ಒಲೆಯ ಉರಿ ಒಂದೇ ಸಮನೆ ಕುಣಿಯುತ್ತಿತ್ತು. ನೀಲಿ ನಾಲಿಗೆ ಭುಗ್ಗೆಂದು ಎದ್ದು, ಕುಗ್ಗಿ, ಆರಿಯೇಹೋಯಿತು ಎನ್ನುವಷ್ಟರಲ್ಲಿ ಮತ್ತೆ ಏಳುತ್ತಿತ್ತು. "ಮುದ್ದೆಗೆ ಎಸರು ಕುದಿಯುವ ಹೊತ್ತಿಗೆ ಮಧ್ಯಾಹ್ನವಾಗುತ್ತದೆ ಅಣ್ಣ. ಐದು ಸೀಮೆ ಹಸು ಕಟ್ಟಿಕೊಂಡೂ ಸಿಲಿಂಡರ್ ತರಿಸಬೇಕಾಯಿತು" ಎಂದರು ಆ ಮನೆಯ ಅಕ್ಕ. ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿ ಅದು. ನನಗಿಂತ ಮೊದಲು ಬಂದವರು ಬರ್ನರ್ ಬದಲಾಯಿಸಿದ್ದರು, ಆಮೇಲೆ ಸಗಣಿ ಸಾಲದು ಎಂದು ಹೇಳಿ ಹೋಗಿದ್ದರು. ಒತ್ತಡವನ್ನು ಮಾತ್ರ ಯಾರೂ ಅಳೆದಿರಲಿಲ್ಲ.

ಕೋಲಾರ ಜಿಲ್ಲೆಯಲ್ಲಿ ಗೋಬರ್ ಗ್ಯಾಸ್ ಗುಂಡಿ ಕಟ್ಟುವುದು, ದುರಸ್ತಿ ಮಾಡುವುದು ನನ್ನ ಕಸುಬು. ಶುರುವಿನಲ್ಲಿ ನಾನೂ ಪಂಪ್‌ಸೆಟ್ಟಿಗೆ ಹಾಕುವ ಮುಳ್ಳಿನ ಮೀಟರನ್ನೇ ಒಯ್ಯುತ್ತಿದ್ದೆ. ಅದರ ಮುಳ್ಳು ಅಲುಗುತ್ತಲೇ ಇರಲಿಲ್ಲ. ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡವೆಂದರೆ ಹತ್ತು ಮೀಟರ್ ನೀರಿನ ಕಂಬ. 1984ರಲ್ಲಿ ಬಂದ ದೀನಬಂಧು ಮಾದರಿಯ ಗುಂಡಿಯಲ್ಲಿ ಗ್ಯಾಸು ಕೂಡಿಕೊಳ್ಳುವ ಗುಮ್ಮಟ ತುಂಬಿ ತುಳುಕಿದರೂ ಒತ್ತಡ ಸುಮಾರು ಒಂದು ಮೀಟರ್ ನೀರಿನಷ್ಟು. ಅಕ್ಕಿ ಮೂಟೆ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದ ಹಾಗೆ.

ಕೊನೆಗೆ ಕೈಹಿಡಿದದ್ದು ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪು. ಮೂರು ಮೀಟರ್ ಕತ್ತರಿಸಿ, ಒಂದೂಕಾಲು ಮೀಟರ್ ಉದ್ದದ ಹಲಗೆಯ ಮೇಲೆ ಯು ಆಕಾರದಲ್ಲಿ ಬಗ್ಗಿಸಿ ಕ್ಲಿಪ್ ಹೊಡೆದೆ. ಎರಡು ತೋಳುಗಳ ನಡುವೆ ಟೇಪು ಅಂಟಿಸಿದೆ. ಅರ್ಧದವರೆಗೆ ನೀರು ತುಂಬಿ, ಕಣ್ಣಿಗೆ ಕಾಣಲೆಂದು ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಬಿಟ್ಟೆ. ಒಂದು ತುದಿಯನ್ನು ಗ್ಯಾಸಿನ ಪೈಪಿಗೆ ಜೋಡಿಸಿದರೆ ಇನ್ನೊಂದು ತುದಿ ಬಯಲಿಗೆ ತೆರೆದಿರುತ್ತದೆ. ಗ್ಯಾಸು ತನ್ನ ಕಡೆಯ ನೀರನ್ನು ತಳ್ಳುತ್ತದೆ, ಆಚೆ ಕಡೆ ನೀರು ಏರುತ್ತದೆ. ಏರಿದ ನೀರಿನ ಭಾರ ಗ್ಯಾಸಿನ ತಳ್ಳುವಿಕೆಗೆ ಸಮನಾದ ಕಡೆ ಎಲ್ಲವೂ ನಿಲ್ಲುತ್ತದೆ. ಒಂದು ಸೆಂಟಿಮೀಟರ್ ಅಂತರಕ್ಕೆ 98 ಪ್ಯಾಸ್ಕಲ್ ಒತ್ತಡ. ಪೈಪು ದಪ್ಪವಿದ್ದರೆ ನೀರಿನ ಭಾರವೂ ಹೆಚ್ಚು, ಗ್ಯಾಸು ತಳ್ಳುವ ಜಾಗವೂ ಅಷ್ಟೇ ಹೆಚ್ಚು. ಹಾಗಾಗಿ ದಪ್ಪದ ಲೆಕ್ಕವೇ ಬೇಡ. ತೀರಾ ಸಣ್ಣ ಕೊಳವೆಯಲ್ಲಿ ಮಾತ್ರ ನೀರು ಗೋಡೆಗೆ ಹತ್ತಿಕೊಂಡು ಮೋಸ ಮಾಡುತ್ತದೆ.

ಅಳೆಯಬೇಕಾದದ್ದು ಎರಡು ತೋಳುಗಳ ನಡುವಿನ ಅಂತರವನ್ನು. ಮೊದಲ ದಿನಗಳಲ್ಲಿ ನಾನು ಒಂದೇ ತೋಳು ಎಷ್ಟು ಏರಿತೆಂದು ನೋಡಿ ಅರ್ಧ ಒತ್ತಡವನ್ನೇ ಬರೆದುಕೊಳ್ಳುತ್ತಿದ್ದೆ. ಈ ಕಡೆ 20 ಏರಿದ್ದರೆ ಆ ಕಡೆ 20 ಇಳಿದಿರುತ್ತದೆ, ಒತ್ತಡ 40. ಬಾಗಿನಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡರೂ ಲೆಕ್ಕ ತಪ್ಪುತ್ತದೆ, ಹಲಗೆಗೆ ತಟ್ಟಿ ತಟ್ಟಿ ಹೊರಡಿಸಬೇಕು. ನೀರಿನ ಬದಲು ಪಾದರಸ ಹಾಕಿದರೆ ಕೊಳವೆ ಗಿಡ್ಡವಾಗುತ್ತದಲ್ಲ ಎಂದು ಕೇಳುವವರಿದ್ದಾರೆ. ಅದು ನೀರಿಗಿಂತ 13.6 ಪಟ್ಟು ಭಾರ, ಒಂದು ಮೀಟರ್ ನೀರು ಸುಮಾರು 7.4 ಸೆಂಟಿಮೀಟರಿಗೆ ಇಳಿಯುತ್ತದೆ, ನಿಜ. ಆದರೆ ಅದರ ಆವಿ ವಿಷ. ಅಡುಗೆಮನೆಗೆ ಅದನ್ನು ಒಯ್ಯುವ ಮಾತೇ ಬೇಡ.

ಬಿಸಿಲಿನ ಪಾಠ ಕಲಿತದ್ದು ಬೇರೊಂದು ಮನೆಯಲ್ಲಿ. ಸೋರಿಕೆ ಇದೆಯೇ ಎಂದು ನೋಡಲು ಗೋಡೆಯ ಮೇಲಿನ ಪೈಪಿನ ಎರಡೂ ವಾಲ್ವು ಮುಚ್ಚಿ, ಸಂಜೆ ನಾಲ್ಕಕ್ಕೆ ಸೈಕಲ್ ಪಂಪಿನಿಂದ 60 ಸೆಂಟಿಮೀಟರಿನಷ್ಟು ಗಾಳಿ ತುಂಬಿದ್ದೆ. ಏಳಕ್ಕೆ ನೋಡಿದರೆ 15 ಇಳಿದಿತ್ತು. ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿದೆ, ಒಂದು ಗುಳ್ಳೆಯೂ ಏಳಲಿಲ್ಲ. ಮರುದಿನ ನಾಲ್ಕಕ್ಕೆ ನೀರು ತಾನಾಗಿ 60ರ ಹತ್ತಿರ ಬಂದು ನಿಂತಿತ್ತು! ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 10.3 ಮೀಟರ್ ನೀರಿಗೆ ಸಮ, 800 ಮೀಟರ್ ಎತ್ತರದ ನಮ್ಮ ಬಯಲಿನಲ್ಲಿ ಸುಮಾರು 9.4. ಮುಚ್ಚಿದ ಪೈಪಿನ ಗಾಳಿ ಒಂದು ಡಿಗ್ರಿ ತಣ್ಣಗಾದರೆ ಈ ಒಟ್ಟು ಒತ್ತಡದಲ್ಲಿ ಮುನ್ನೂರರಲ್ಲಿ ಒಂದು ಪಾಲು, ಅಂದರೆ ಮೂರು ಸೆಂಟಿಮೀಟರ್ ಕಡಿಮೆಯಾಗುತ್ತದೆ. ಐದು ಡಿಗ್ರಿಗೆ ಹದಿನೈದು. ಅಂದಿನಿಂದ ಸೋರಿಕೆಯ ಪರೀಕ್ಷೆಯನ್ನು ಬೆಳಕು ಹರಿಯುವ ಮುನ್ನ, ತಂಪಿನಲ್ಲೇ ಮುಗಿಸುತ್ತೇನೆ.

ಅಕ್ಕನ ಮನೆಗೆ ಬರುತ್ತೇನೆ. ಒಲೆ ಆರಿಸಿ, ಅಡುಗೆಮನೆಯ ಕಿಟಕಿ ಬಾಗಿಲು ತೆರೆದು, ಮೊದಲು ಗುಮ್ಮಟದ ಬಾಯಲ್ಲಿ ಅಳೆದೆ: 48. ಗ್ಯಾಸಿಗೆ ಕೊರತೆಯಿರಲಿಲ್ಲ. ಒಲೆಯ ತುದಿಯಲ್ಲಿ ಅಳೆದೆ: 31. ಇನ್ನೊಮ್ಮೆ ನೋಡಿದೆ, ಮತ್ತೆ 31. ಹರಿಯದೆ ನಿಂತ ಗ್ಯಾಸಿನ ಒತ್ತಡ ಎರಡೂ ತುದಿಗಳಲ್ಲಿ ಒಂದೇ ಇರಬೇಕು. ಗ್ಯಾಸಿಗೆ ಲೆಕ್ಕಕ್ಕೆ ಬರುವಷ್ಟು ಭಾರವಿಲ್ಲ. ಹಾಗಾದರೆ ನಡುವಿನ 17 ಸೆಂಟಿಮೀಟರ್ ಎಲ್ಲಿ ಹೋಯಿತು?

ಹಲಗೆಯನ್ನು ಕೈಯಲ್ಲಿ ಹಿಡಿದು ನಿಂತಾಗ ಹೊಳೆಯಿತು. ಗುಂಡಿಯಿಂದ ಬರುವ ಗ್ಯಾಸಿನಲ್ಲಿ ತೇವವಿರುತ್ತದೆ, ತಣ್ಣಗಾದಾಗ ಅದು ನೀರಾಗಿ ಪೈಪಿನ ತಗ್ಗಿನಲ್ಲಿ ಕೂರುತ್ತದೆ. ನನ್ನ ಹಲಗೆಯ ಮೇಲಿದ್ದಂಥದೇ ಇನ್ನೊಂದು ಯು ಕೊಳವೆ ನೆಲದೊಳಗಿತ್ತು. ಅದರ ಒಂದು ತೋಳಿನಲ್ಲಿ 17 ಸೆಂಟಿಮೀಟರ್ ನೀರು ನಿಂತಿತ್ತು. ಒಲೆ ಹಚ್ಚಿದಾಗ ಗ್ಯಾಸು ಆ ನೀರಿನ ಮೂಲಕ ಗುಳುಗುಳು ಎಂದು ಬುದ್ಬುದಗಳಾಗಿ ಹಾಯುತ್ತಿತ್ತು. ಉರಿ ಕುಣಿಯುತ್ತಿದ್ದದ್ದು ಅದಕ್ಕೇ.

"ಪೈಪಿನ ಮೇಲೆ ಭಾರದ್ದೇನಾದರೂ ಹರಿದಿತ್ತೇ ಅಕ್ಕ?" ಎಂದು ಕೇಳಿದೆ.

"ಮಳೆಗಾಲದಲ್ಲಿ ಗೊಬ್ಬರದ ಟ್ರ್ಯಾಕ್ಟರ್ ಕೊಟ್ಟಿಗೆ ಪಕ್ಕದಲ್ಲಿ ಹೂತುಕೊಂಡಿತ್ತು" ಎಂದರು.

ಅಲ್ಲೇ ಅಗೆದೆವು. ಪೈಪು ಒಂದು ಗೇಣು ಕುಸಿದಿತ್ತು. ಗುಮ್ಮಟದ ವಾಲ್ವು ಮುಚ್ಚಿ ಕತ್ತರಿಸಿದಾಗ ಒಂದು ಚೊಂಬಿನಷ್ಟು ನೀರು ಸುರಿಯಿತು. ಗಟ್ಟಿ ಮಣ್ಣು ಹಾಕಿ ದಿಮ್ಮಸು ಮಾಡಿ, ನೂರು ಅಡಿಗೆ ಒಂದು ಅಡಿ ಇಳಿಜಾರು ಬರುವಂತೆ ಪೈಪನ್ನು ಮತ್ತೆ ಮಲಗಿಸಿ, ಎಲ್ಲಕ್ಕಿಂತ ತಗ್ಗಾದ ಕಡೆ ಟಿ ಆಕಾರದ ಜೋಡಣೆ ಕೂಡಿಸಿ ನೀರು ಬಿಡಲು ಮುಚ್ಚಳ ಇಟ್ಟೆ. ಸಂಜೆ ಅಳೆದಾಗ ಗುಮ್ಮಟದಲ್ಲಿ 52, ಒಲೆಯ ಹತ್ತಿರವೂ 52. ಅಕ್ಕ ಒಲೆ ಹಚ್ಚಿ, ಎಸರಿಟ್ಟು, ಹಿಟ್ಟಿನ ಡಬ್ಬ ತೆಗೆದರು.