ಟೂರ್ ಡಿ ಫ್ರಾನ್ಸ್ ನೋಡುವವರಿಗೆ ಜೆರ್ಸಿಗಳ ಲೆಕ್ಕಾಚಾರ

ಜುಲೈ ತಿಂಗಳಲ್ಲಿ ಮೂರು ವಾರ ನಡೆಯುವ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸನ್ನು ಮೊದಲ ಬಾರಿಗೆ ನೋಡುವವರಿಗೆ ಒಂದು ಗೊಂದಲ ತಪ್ಪದೆ ಎದುರಾಗುತ್ತದೆ. ಗೆರೆ ದಾಟಿ ಕೈಯೆತ್ತಿದವನು ಒಬ್ಬ, ಹಳದಿ ಜೆರ್ಸಿ ತೊಡಲು ವೇದಿಕೆ ಏರುವವನು ಇನ್ನೊಬ್ಬ, ಹಸಿರು ಜೆರ್ಸಿ ಪಡೆಯುವವನು ಮತ್ತೊಬ್ಬ. ವಿಜಯಪುರ, ಬಾಗಲಕೋಟೆಯ ಕಡೆ ರಸ್ತೆ ಬದಿಯಲ್ಲಿ ನಿಂತು ಸೈಕಲ್ ರೇಸ್ ನೋಡಿ ಬೆಳೆದವರಿಗೂ ಇದು ಹೊಸದೆನಿಸಬಹುದು, ಏಕೆಂದರೆ ಒಂದೇ ದಿನದ ರೇಸಿನಲ್ಲಿ ಮೊದಲು ಗೆರೆ ದಾಟಿದವನೇ ವಿಜೇತ, ಅಲ್ಲಿಗೆ ಮಾತು ಮುಗಿಯಿತು. ದಿನಕ್ಕೊಂದು ಹಂತದಂತೆ ಸಾಗುವ ರೇಸಿನಲ್ಲಿ ಹಾಗಲ್ಲ. ಒಂದೇ ರಸ್ತೆಯ ಮೇಲೆ, ಒಂದೇ ಹೊತ್ತಿನಲ್ಲಿ, ಹಲವು ಸ್ಪರ್ಧೆಗಳು ನಡೆಯುತ್ತಿರುತ್ತವೆ. ಯಾರು ಯಾವ ಸ್ಪರ್ಧೆಯಲ್ಲಿದ್ದಾರೆ ಎಂಬುದನ್ನು ಗುರುತಿಸಲು ಕಲಿತರೆ, ಏನೂ ನಡೆಯುತ್ತಿಲ್ಲವೆಂದು ತೋರುವ ಗಂಟೆಗಳಲ್ಲೂ ನೋಡುವುದಕ್ಕೆ ಬಹಳಷ್ಟು ಸಿಗುತ್ತದೆ.

ಮೊದಲು ಮಾಡಬೇಕಾದ ಕೆಲಸ, ಯಾವ ಜೆರ್ಸಿಗೆ ಸಮಯದ ಲೆಕ್ಕ, ಯಾವುದಕ್ಕೆ ಅಂಕಗಳ ಲೆಕ್ಕ ಎಂದು ಬೇರ್ಪಡಿಸಿಕೊಳ್ಳುವುದು. ಹಳದಿ ಮತ್ತು ಬಿಳಿ ಜೆರ್ಸಿಗಳನ್ನು ಸಮಯ ನಿರ್ಧರಿಸುತ್ತದೆ. ಹಸಿರು ಜೆರ್ಸಿಯನ್ನೂ ಬಿಳಿಯ ಮೇಲೆ ಕೆಂಪು ಚುಕ್ಕಿಗಳಿರುವ ಜೆರ್ಸಿಯನ್ನೂ ಅಂಕಗಳು ನಿರ್ಧರಿಸುತ್ತವೆ. ಸಮಯದ ಲೆಕ್ಕದಲ್ಲಿ ಒಂದು ಕೆಟ್ಟ ದಿನ ಕಳೆದುಕೊಂಡ ಐದು ನಿಮಿಷ ಮೂರು ವಾರವೂ ಬೆನ್ನು ಬಿಡುವುದಿಲ್ಲ. ಅಂಕಗಳ ಲೆಕ್ಕದಲ್ಲಿ ಕೆಟ್ಟ ದಿನವೆಂದರೆ ಆ ದಿನ ಏನೂ ಸಿಗಲಿಲ್ಲ ಎಂದಷ್ಟೇ, ಮರುದಿನ ಹೊಸದಾಗಿ ದುಡಿಯಬಹುದು. ಹಳದಿ ಜೆರ್ಸಿಯವನು ಪ್ರತಿ ತಿರುವಿನಲ್ಲೂ ಎಚ್ಚರದಿಂದಿರುವುದಕ್ಕೂ, ಗೆರೆಯ ಹತ್ತಿರ ಮಿಂಚಿನಂತೆ ನುಗ್ಗುವ ಸ್ಪ್ರಿಂಟರ್ ಪರ್ವತದ ಹಂತದಲ್ಲಿ ಅರ್ಧ ಗಂಟೆ ಹಿಂದೆ ಬಿದ್ದರೂ ಎದೆಗುಂದದೆ ಬರುವುದಕ್ಕೂ ಈ ಒಂದು ವ್ಯತ್ಯಾಸವೇ ಕಾರಣ.

ಹಳದಿ ಜೆರ್ಸಿ ಮೊದಲು ಕಂಡದ್ದು 1919ರಲ್ಲಿ, ಯುಜೀನ್ ಕ್ರಿಸ್ಟೋಫ್ ಅವರ ಮೈಮೇಲೆ. ರೇಸ್ ನಡೆಸುತ್ತಿದ್ದ ‘ಲೋಟೋ’ ಪತ್ರಿಕೆ ಹಳದಿ ಕಾಗದದಲ್ಲಿ ಅಚ್ಚಾಗುತ್ತಿತ್ತು. ಎಲ್ಲ ಹಂತಗಳ ಸಮಯವನ್ನು ಕೂಡಿಸಿದಾಗ ಅತಿ ಕಡಿಮೆ ಸಮಯ ಯಾರದೋ ಅವರಿಗೆ ಈ ಜೆರ್ಸಿ. ಆದರೆ ಈ ಕೂಡಿಕೆಯಲ್ಲಿ ಕೆಲವು ಸೂಕ್ಷ್ಮಗಳಿವೆ. ಒಂದೇ ಗುಂಪಿನಲ್ಲಿ ಗೆರೆ ದಾಟಿದ ಎಲ್ಲರಿಗೂ ಒಂದೇ ಸಮಯ ಕೊಡಲಾಗುತ್ತದೆ. ಗುಂಪಿನ ಐದನೆಯವನಿಗೂ ಎಂಬತ್ತನೆಯವನಿಗೂ ಸಮಯದಲ್ಲಿ ವ್ಯತ್ಯಾಸವಿಲ್ಲ. ಗುಂಪಿನ ನಡುವೆ ಬಿರುಕು ಬಿಟ್ಟರೆ ಮಾತ್ರ ಹಿಂದಿನವರಿಗೆ ನಷ್ಟ. ಆದ್ದರಿಂದ ಕೊನೆಯ ಕೆಲವು ಕಿಲೋಮೀಟರುಗಳಲ್ಲಿ, ಹಂತವನ್ನು ಗೆಲ್ಲುವ ಯಾವ ಆಸೆಯೂ ಇಲ್ಲದ ಹಳದಿ ಜೆರ್ಸಿಯವನು ತನ್ನ ತಂಡದೊಡನೆ ಮುಂದೆ ನುಗ್ಗುತ್ತಿದ್ದರೆ, ಅವನು ಬಿರುಕಿನ ಹಿಂದೆ ಸಿಲುಕದಂತೆ ನೋಡಿಕೊಳ್ಳುತ್ತಿದ್ದಾನೆ ಎಂದು ತಿಳಿಯಿರಿ. ಸಮತಟ್ಟಾದ ಹಂತಗಳ ಕೊನೆಯ ಸಾಮಾನ್ಯವಾಗಿ 3 ಕಿ.ಮೀ. ಒಳಗೆ ಬಿದ್ದವರಿಗೆ ಅಥವಾ ಸೈಕಲ್ ಕೆಟ್ಟವರಿಗೆ ಅವರು ಆಗ ಇದ್ದ ಗುಂಪಿನ ಸಮಯವನ್ನೇ ಕೊಡುವ ನಿಯಮವಿದೆ; ಬೆಟ್ಟದ ತುದಿಯಲ್ಲಿ ಮುಗಿಯುವ ಹಂತಗಳಿಗೆ ಈ ರಕ್ಷಣೆ ಇಲ್ಲ. ಇದಲ್ಲದೆ ಟೈಮ್ ಟ್ರಯಲ್ (ಒಬ್ಬೊಬ್ಬರಾಗಿ ಹೊರಟು ಗಡಿಯಾರದ ವಿರುದ್ಧ ಓಡುವ ಹಂತ) ಬಿಟ್ಟು ಉಳಿದ ಹಂತಗಳಲ್ಲಿ ಮೊದಲ ಮೂವರ ಒಟ್ಟು ಸಮಯದಿಂದ ಕ್ರಮವಾಗಿ 10, 6 ಮತ್ತು 4 ಸೆಕೆಂಡುಗಳನ್ನು ಕಳೆಯುತ್ತಾರೆ. ಇದು ಸಣ್ಣ ಮೊತ್ತವೆಂದು ಕಡೆಗಣಿಸಬಾರದು. 1989ರಲ್ಲಿ ಗ್ರೆಗ್ ಲೆಮಾಂಡ್, ಲೋರಾನ್ ಫಿನ್ಯೋನ್ ಅವರನ್ನು ಇಡೀ ಟೂರಿನಲ್ಲಿ ಸೋಲಿಸಿದ್ದು 8 ಸೆಕೆಂಡುಗಳ ಅಂತರದಿಂದ.

ಒಟ್ಟು ಸಮಯ ಸಮನಾದರೆ ಏನು ಮಾಡುತ್ತಾರೆ ಎಂಬುದಕ್ಕೆ 2024ರ ಟೂರ್ ಒಳ್ಳೆಯ ಪಾಠ. ಇಟಲಿಯಲ್ಲಿ ಆರಂಭವಾದ ಆ ವರ್ಷದ ರೇಸಿನ ಮೂರನೆಯ ಹಂತ ಟ್ಯೂರಿನ್ ನಗರದಲ್ಲಿ ಮುಗಿದಾಗ ತಡೇಯ್ ಪೊಗಾಚಾರ್, ರೆಮ್ಕೊ ಎವೆನೆಪೂಲ್, ಯೋನಾಸ್ ವಿಂಗೆಗೋರ್ ಮತ್ತು ಈಕ್ವೆಡಾರಿನ ರಿಚರ್ಡ್ ಕರಾಪಾಜ್ ನಾಲ್ವರ ಸಮಯವೂ ಒಂದೇ ಆಗಿತ್ತು. ಇಂಥ ಸಂದರ್ಭದಲ್ಲಿ ಮೊದಲು ಟೈಮ್ ಟ್ರಯಲ್‌ಗಳಲ್ಲಿ ದಾಖಲಾದ ಸೆಕೆಂಡಿನ ಭಾಗಗಳನ್ನು ನೋಡಬೇಕು. ಅಷ್ಟರೊಳಗೆ ಟೈಮ್ ಟ್ರಯಲ್ ನಡೆದೇ ಇರಲಿಲ್ಲ. ಆಗ ಪ್ರತಿ ಹಂತದಲ್ಲಿ ಪಡೆದ ಸ್ಥಾನಗಳನ್ನು ಕೂಡಿಸಿ, ಕಡಿಮೆ ಮೊತ್ತದವನನ್ನು ಮುಂದಿಡುತ್ತಾರೆ. ಆ ಲೆಕ್ಕದಲ್ಲಿ ಪೊಗಾಚಾರ್ ಮೈಮೇಲಿದ್ದ ಹಳದಿ ಜೆರ್ಸಿ ಕರಾಪಾಜ್ ಪಾಲಾಯಿತು. ಗುಂಪಿನ ಐದನೆಯವನಿಗೂ ಎಂಬತ್ತನೆಯವನಿಗೂ ಸಮಯದಲ್ಲಿ ವ್ಯತ್ಯಾಸವಿಲ್ಲ ಎಂದು ಮೇಲೆ ಹೇಳಿದ್ದು ನಿಜವೇ. ಆದರೆ ಮೊದಲ ವಾರದಲ್ಲಿ ಸ್ಥಾನವೂ ಹೀಗೆ ಕೈ ಹಿಡಿಯಬಹುದು.

ಅದೇ ದಿನ ಟ್ಯೂರಿನ್‌ನಲ್ಲಿ ಹಂತವನ್ನು ಗೆದ್ದವರು ಎರಿಟ್ರಿಯಾದ ಬಿನಿಯಮ್ ಗಿರ್ಮಾಯ್. ಅವರು ಆ ವರ್ಷ ಮೂರು ಹಂತಗಳನ್ನು ಗೆದ್ದು ಕೊನೆಗೆ ಹಸಿರು ಜೆರ್ಸಿಯನ್ನೂ ತಮ್ಮದಾಗಿಸಿಕೊಂಡರು. ಆಫ್ರಿಕಾದ ಸವಾರರೊಬ್ಬರು ಅದನ್ನು ಗೆದ್ದದ್ದು ಅದೇ ಮೊದಲು. ಟೂರಿಗೆ ಐವತ್ತು ವರ್ಷ ತುಂಬಿದ 1953ರಲ್ಲಿ ಆರಂಭವಾದ ಈ ಜೆರ್ಸಿಯನ್ನು ಅತಿ ವೇಗದ ಸ್ಪ್ರಿಂಟರಿನದು ಎಂದು ವಿವರಿಸುವ ವಾಡಿಕೆ ಇದೆ, ಆದರೆ ನನ್ನ ದೃಷ್ಟಿಯಲ್ಲಿ ಅದು ಅರ್ಧ ಸತ್ಯ. ಇತ್ತೀಚಿನ ವರ್ಷಗಳ ಪಟ್ಟಿಯಂತೆ ಸಮತಟ್ಟಾದ ಹಂತದ ವಿಜೇತನಿಗೆ 50 ಅಂಕ, ಎರಡನೆಯವನಿಗೆ 30, ಮೂರನೆಯವನಿಗೆ 20. ಗುಡ್ಡಗಾಡಿನ ಹಂತ ಗೆದ್ದರೆ 30. ಕಠಿಣ ಪರ್ವತದ ಹಂತ ಗೆದ್ದರೆ ಕೇವಲ 20. ಇದರ ಜೊತೆಗೆ ದಾರಿಯ ನಡುವೆ ಬರುವ ಸ್ಪ್ರಿಂಟ್ ಗೆರೆಯನ್ನು ಮೊದಲು ದಾಟಿದವನಿಗೂ 20 ಅಂಕಗಳಿವೆ. ಹಾಗಾಗಿ ಗಮನವಿಟ್ಟು ನೋಡಬೇಕಾದ್ದು ಈ ನಡುದಾರಿಯ ಗೆರೆಗಳನ್ನು. ಏಳು ಬಾರಿ ಹಸಿರು ಜೆರ್ಸಿ ಗೆದ್ದ ಸ್ಲೊವಾಕಿಯಾದ ಪೀಟರ್ ಸಾಗನ್ ಎಲ್ಲ ವರ್ಷವೂ ಅತಿ ವೇಗದ ಸ್ಪ್ರಿಂಟರ್ ಆಗಿರಲಿಲ್ಲ; ಆದರೆ ಉಳಿದ ಸ್ಪ್ರಿಂಟರುಗಳು ಏದುಸಿರು ಬಿಡುತ್ತಿದ್ದ ಬೆಟ್ಟದ ದಿನಗಳಲ್ಲಿ ಅವರು ಬ್ರೇಕ್‌ಅವೇ (ಮುಖ್ಯ ಗುಂಪನ್ನು ಬಿಟ್ಟು ಮುಂದೋಡುವ ಸಣ್ಣ ಗುಂಪು) ಸೇರಿ ಮುಂದೆ ಹೋಗಿ, ಆ 20 ಅಂಕಗಳನ್ನು ಹೊತ್ತು ತರುತ್ತಿದ್ದರು. ಒಂದು ಸಮತಟ್ಟು ಹಂತದಲ್ಲಿ ಮೊದಲನೆಯವನಿಗೂ ಎರಡನೆಯವನಿಗೂ ಇರುವ ಅಂತರವೂ ಅಷ್ಟೇ ಎಂಬುದನ್ನು ನೆನಪಿಟ್ಟರೆ ಆ ದುಡಿಮೆಯ ಬೆಲೆ ತಿಳಿಯುತ್ತದೆ.

ಹಸಿರು ಜೆರ್ಸಿಗೆ ಹೋರಾಡುವವರ ಇನ್ನೊಂದು ಪರೀಕ್ಷೆ ಟಿವಿಯಲ್ಲಿ ಅಷ್ಟಾಗಿ ಕಾಣುವುದಿಲ್ಲ. ಪ್ರತಿ ಹಂತಕ್ಕೂ ಸಮಯದ ಮಿತಿ ಇದೆ. ವಿಜೇತನ ಸಮಯಕ್ಕಿಂತ ಇಂತಿಷ್ಟು ಶೇಕಡಾ ಹೆಚ್ಚು ತೆಗೆದುಕೊಂಡವರು ರೇಸಿನಿಂದಲೇ ಹೊರಗೆ. ಪರ್ವತಗಳಲ್ಲಿ ಸ್ಪ್ರಿಂಟರುಗಳು ಹಿಂದೆ ಒಟ್ಟಾಗಿ ಬರುವುದು ಈ ಮಿತಿಯೊಳಗೆ ತಲುಪುವುದಕ್ಕಾಗಿ. ದೊಡ್ಡ ಗುಂಪೇ ತಡವಾದರೆ ತೀರ್ಪುಗಾರರು ಉಳಿಸಿಕೊಳ್ಳಬಹುದು, ಆದರೆ ಅದಕ್ಕೆ ಬೆಲೆ ತೆರಬೇಕಾಗಬಹುದು: 2011ರಲ್ಲಿ ಮಾರ್ಕ್ ಕ್ಯಾವೆಂಡಿಶ್ ಆಲ್ಪ್ಸ್‌ನಲ್ಲಿ ಎರಡು ದಿನ ಹೀಗೆ ತಡವಾಗಿ ಬಂದು, ಎರಡೂ ದಿನ 20 ಅಂಕ ಕಳೆದುಕೊಂಡರು, ಆದರೂ ಪ್ಯಾರಿಸ್ ತಲುಪಿದಾಗ ಹಸಿರು ಜೆರ್ಸಿ ಅವರದೇ ಆಗಿತ್ತು.

ಕೆಂಪು ಚುಕ್ಕಿಯ ಜೆರ್ಸಿ ಬೆಟ್ಟಗಳದು. ಸ್ಪರ್ಧೆ 1933ರಿಂದ ಇದ್ದರೂ ಜೆರ್ಸಿ ಬಂದದ್ದು 1975ರಲ್ಲಿ. ಏರುಗಳನ್ನು ಉದ್ದ ಮತ್ತು ಕಡಿದಾದ ಪ್ರಮಾಣಕ್ಕೆ ತಕ್ಕಂತೆ ನಾಲ್ಕನೆಯ ದರ್ಜೆಯಿಂದ ಮೊದಲ ದರ್ಜೆಯವರೆಗೆ ವಿಂಗಡಿಸಿ, ಅತಿ ಕಠಿಣವಾದವನ್ನು ಎಲ್ಲ ದರ್ಜೆಗಳ ಆಚೆ ಇಟ್ಟಿದ್ದಾರೆ. ನಾಲ್ಕನೆಯ ದರ್ಜೆಯ ತುದಿ ಮುಟ್ಟಿದವನಿಗೆ 1 ಅಂಕ, ಮೊದಲ ದರ್ಜೆಗೆ 10, ದರ್ಜೆಯಾಚೆಯದಕ್ಕೆ 20. ಆದ್ದರಿಂದ ಮೊದಲ ವಾರ ಈ ಜೆರ್ಸಿ ತೊಟ್ಟವನನ್ನು ಟೂರಿನ ಶ್ರೇಷ್ಠ ಬೆಟ್ಟಗಾರನೆಂದು ತಿಳಿಯಬೇಡಿ. 2022ರಲ್ಲಿ ಡೆನ್ಮಾರ್ಕಿನಲ್ಲಿ ರೇಸ್ ಆರಂಭವಾದಾಗ ಆ ದೇಶದವರೇ ಆದ ಮ್ಯಾಗ್ನಸ್ ಕೋರ್ಟ್ ಒಂದೊಂದೇ ಅಂಕದ ಸಣ್ಣ ದಿಣ್ಣೆಗಳನ್ನು ಎಲ್ಲರಿಗಿಂತ ಮೊದಲು ಏರಿ, ತಮ್ಮ ಜನರ ನಡುವೆ ಚುಕ್ಕಿ ಜೆರ್ಸಿ ತೊಟ್ಟು ಸವಾರಿ ಮಾಡಿದರು. ಅದು ಹಾಸ್ಯಕ್ಕೆ ಅರ್ಹವಾದ ಗೆಲುವಲ್ಲ. ಸಣ್ಣ ಅಂಕಗಳಿಗೂ ಗೌರವ ಕೊಡುವ ಲೆಕ್ಕವಿರುವುದರಿಂದಲೇ ಇಂಥ ಸವಾರಿಗಳು ಹುಟ್ಟುತ್ತವೆ. ಆಮೇಲೆ ಯಾರು ಗೆಲ್ಲಬಹುದೆಂದು ಅಂದಾಜಿಸಲು, ಇನ್ನು ಎಷ್ಟು ದರ್ಜೆಯಾಚೆಯ ಏರುಗಳು ಉಳಿದಿವೆ, ಅವುಗಳಲ್ಲಿ ಹಂತ ಮುಗಿಯುವ ತುದಿಗಳೆಷ್ಟು ಎಂದು ಎಣಿಸಿ. ತುದಿಯಲ್ಲಿ ಮುಗಿಯುವ ಹಂತಗಳು ಹೆಚ್ಚಿದ್ದಷ್ಟೂ ಆ ಅಂಕಗಳು ಹಳದಿ ಜೆರ್ಸಿಗಾಗಿ ಹೋರಾಡುವವರ ಜೇಬಿಗೆ ತಾವಾಗಿ ಬೀಳುತ್ತವೆ.

ಬಿಳಿ ಜೆರ್ಸಿಗೆ ಹೆಚ್ಚು ವಿವರಣೆ ಬೇಡ. ಹಳದಿಯದೇ ಲೆಕ್ಕ, ಆದರೆ ಆ ವರ್ಷದಲ್ಲಿ 26 ತುಂಬದ ಯುವಕರಿಗೆ ಮಾತ್ರ. ಪೊಗಾಚಾರ್ ಇದನ್ನು 2020ರಿಂದ 2023ರವರೆಗೆ ಸತತ ನಾಲ್ಕು ಸಲ ಗೆದ್ದರು.

ಹೊಸಬರು ಹೆಚ್ಚಾಗಿ ಎಡವುವುದು ಮುಂದಿನ ವಿಷಯದಲ್ಲಿ: ಜೆರ್ಸಿ ತೊಟ್ಟವನೇ ಆ ಪಟ್ಟಿಯಲ್ಲಿ ಮುಂದಿರಬೇಕೆಂದಿಲ್ಲ. ಒಬ್ಬನೇ ಎರಡು ಮೂರು ಪಟ್ಟಿಗಳಲ್ಲಿ ಮುಂದಿದ್ದರೆ ಹಳದಿ, ಹಸಿರು, ಚುಕ್ಕಿ, ಬಿಳಿ ಎಂಬ ಕ್ರಮದಲ್ಲಿ ಮೇಲಿನದನ್ನು ಮಾತ್ರ ತೊಡುತ್ತಾನೆ. ಉಳಿದದ್ದನ್ನು ಆ ಪಟ್ಟಿಯಲ್ಲಿ ಅವನ ನಂತರ ಇರುವವನು ಅವನ ಪರವಾಗಿ ತೊಡುತ್ತಾನೆ. 2022ರಲ್ಲಿ ಜರ್ಮನಿಯ ಸಿಮೋನ್ ಗೆಶ್ಕೆ ಹಲವು ದಿನ ತಮ್ಮದೇ ಬಲದಿಂದ ಚುಕ್ಕಿ ಜೆರ್ಸಿಯನ್ನು ಕಾಪಾಡಿಕೊಂಡಿದ್ದರು. ಪಿರೆನೀಸ್‌ನ ಓಟಾಕಾಮ್ ಏರಿನಲ್ಲಿ ಹಳದಿ ಜೆರ್ಸಿಯ ವಿಂಗೆಗೋರ್ ಅಂಕಗಳಲ್ಲೂ ಅವರನ್ನು ಮೀರಿಸಿದರು, ಗೆಶ್ಕೆ ಕಣ್ಣೀರಿಟ್ಟರು. ಪ್ಯಾರಿಸ್‌ವರೆಗೆ ಚುಕ್ಕಿ ಜೆರ್ಸಿ ತೊಟ್ಟು ಸವಾರಿ ಮಾಡಿದವರು ಗೆಶ್ಕೆಯೇ, ಆದರೆ ಬಹುಮಾನ ವಿಂಗೆಗೋರ್ ಅವರದು. ಆದ್ದರಿಂದ ದಿನದ ಕೊನೆಯಲ್ಲಿ ಜೆರ್ಸಿಯನ್ನಲ್ಲ, ಪಟ್ಟಿಯನ್ನೇ ನೋಡಬೇಕು. ಒಂದು ತಂಡದವರೆಲ್ಲ ಹಳದಿ ಬಣ್ಣದ ನಂಬರ್ ಹಾಕಿಕೊಂಡಿದ್ದರೆ ಅದು ತಂಡಗಳ ಪಟ್ಟಿಯಲ್ಲಿ ಅವರು ಮುಂದಿದ್ದಾರೆಂಬ ಗುರುತು. ಪ್ರತಿ ಹಂತದಲ್ಲಿ ಪ್ರತಿ ತಂಡದ ಮೊದಲ ಮೂವರ ಸಮಯವನ್ನು ಕೂಡಿಸಿ ಆ ಪಟ್ಟಿ ಮಾಡುತ್ತಾರೆ.

ಇವೆಲ್ಲ ಒಂದೇ ದಿನ ಹೇಗೆ ಹೆಣೆದುಕೊಳ್ಳುತ್ತವೆ ಎಂದು ಅಭ್ಯಾಸ ಮಾಡಲು 2020ರ ಇಪ್ಪತ್ತನೆಯ ಹಂತದ ವಿಡಿಯೊವನ್ನು ಹುಡುಕಿ ನೋಡುವಂತೆ ನಾನು ಎಲ್ಲರಿಗೂ ಹೇಳುತ್ತೇನೆ. ಅಂದು ಲಾ ಪ್ಲಾಂಶ್ ದೆ ಬೆಲ್ ಫಿಯ್ ಬೆಟ್ಟದ ತುದಿಯಲ್ಲಿ ಮುಗಿಯುವ ಟೈಮ್ ಟ್ರಯಲ್ ಇತ್ತು. ಹಳದಿ ಜೆರ್ಸಿಯ ಪ್ರಿಮೋಜ್ ರೋಗ್ಲಿಚ್ 57 ಸೆಕೆಂಡುಗಳ ಮುನ್ನಡೆಯೊಂದಿಗೆ ಹೊರಟರು. ಬಿಳಿ ಜೆರ್ಸಿಯಲ್ಲಿದ್ದ, ಇನ್ನೂ 22 ತುಂಬಿರದ ಪೊಗಾಚಾರ್ ಆ ಮುನ್ನಡೆಯನ್ನು ಅಳಿಸಿದ್ದಲ್ಲದೆ, ಕೊನೆಯ ಏರನ್ನು ಅತಿ ವೇಗವಾಗಿ ಏರಿ ಅದರ ಅಂಕಗಳ ಬಲದಿಂದ ಕರಾಪಾಜ್ ಬಳಿಯಿದ್ದ ಚುಕ್ಕಿ ಜೆರ್ಸಿಯನ್ನೂ ಪಡೆದರು. ಮೂರು ವಾರಗಳ ರೇಸನ್ನು ಗೆದ್ದ ಅವರು ಹಳದಿ ತೊಟ್ಟು ಸವಾರಿ ಮಾಡಿದ್ದು ಪ್ಯಾರಿಸ್‌ಗೆ ಸಾಗಿದ ಕೊನೆಯ ದಿನ ಮಾತ್ರ.

ಜುಲೈನಲ್ಲಿ ಫ್ರಾನ್ಸಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದಿರುವುದರಿಂದ ಹೆಚ್ಚಿನ ಹಂತಗಳು ಇಲ್ಲಿ ರಾತ್ರಿ ಎಂಟೂವರೆ, ಒಂಬತ್ತರ ಹೊತ್ತಿಗೆ ಮುಗಿಯುತ್ತವೆ. ಕುಳಿತುಕೊಳ್ಳುವ ಮೊದಲು ಅಂದಿನ ದಾರಿಯ ನಕ್ಷೆಯಲ್ಲಿ ನಡುದಾರಿಯ ಸ್ಪ್ರಿಂಟ್ ಎಲ್ಲಿದೆ, ಏರುಗಳ ದರ್ಜೆ ಏನು ಎಂದು ಗುರುತಿಸಿಕೊಳ್ಳಿ. ಸ್ಪ್ರಿಂಟ್ ಗೆರೆ ದೊಡ್ಡ ಏರಿನ ಮೊದಲಿದ್ದರೆ ಸ್ಪ್ರಿಂಟರುಗಳ ತಂಡಗಳು ಆರಂಭದಿಂದಲೇ ಬೆವರು ಸುರಿಸುತ್ತವೆ. ಏರಿನ ನಂತರವಿದ್ದರೆ ಆ ಅಂಕಗಳು ಬಹುಪಾಲು ಬ್ರೇಕ್‌ಅವೇಗೆ ಹೋಗುತ್ತವೆ. ಅಂಕಗಳ ಪಟ್ಟಿಯನ್ನು ಆಯೋಜಕರು ಆಗಾಗ ತಿದ್ದುವುದರಿಂದ ಆಯಾ ವರ್ಷದ ನಿಯಮವನ್ನೂ ಒಮ್ಮೆ ನೋಡಿಕೊಳ್ಳಬೇಕು.

ಇದೇ ಕ್ರಮ ಇಟಲಿಯ ಜಿರೊ, ಸ್ಪೇನಿನ ವುವೆಲ್ಟಾ ಎಂಬ ಇಂಥದೇ ರೇಸುಗಳಿಗೂ ಬಣ್ಣಗಳನ್ನು ಬದಲಿಸಿದರೆ ಹೊಂದುತ್ತದೆ. ಜಿರೊದಲ್ಲಿ ಒಟ್ಟು ಸಮಯದ ಮುಂದಾಳುವಿಗೆ ಗುಲಾಬಿ, ಅಂಕಗಳಿಗೆ ನೇರಳೆ, ಬೆಟ್ಟಗಳಿಗೆ ನೀಲಿ. ವುವೆಲ್ಟಾದಲ್ಲಿ ಕ್ರಮವಾಗಿ ಕೆಂಪು, ಹಸಿರು ಮತ್ತು ಬಿಳಿಯ ಮೇಲೆ ನೀಲಿ ಚುಕ್ಕಿ. ಯುವಕರಿಗೆ ಎರಡರಲ್ಲೂ ಬಿಳಿಯೇ. ಜಿರೊ ನೋಡುವವರು ಆ ವರ್ಷದ ದಾರಿಯ ಅತಿ ಎತ್ತರದ ಜಾಗವನ್ನು ಬೇರೆಯಾಗಿ ಗುರುತಿಸಿಕೊಳ್ಳಬೇಕು. ಇಟಲಿಯ ಹಿಂದಿನ ಸೈಕಲ್ ಚಾಂಪಿಯನ್ ಫೌಸ್ಟೊ ಕೊಪ್ಪಿ ಅವರ ನೆನಪಿಗೆ ‘ಚೀಮಾ ಕೊಪ್ಪಿ’ ಎಂದು ಕರೆಯುವ ಆ ತುದಿಗೆ ಉಳಿದೆಲ್ಲ ಏರುಗಳಿಗಿಂತ ಹೆಚ್ಚು ಅಂಕಗಳಿರುತ್ತವೆ, ನೀಲಿ ಜೆರ್ಸಿಯ ಮೇಲೆ ಕಣ್ಣಿಟ್ಟವರು ಆ ದಿನಕ್ಕಾಗಿ ಶಕ್ತಿ ಉಳಿಸಿಕೊಂಡಿರುತ್ತಾರೆ.