ಸ್ಲಾವಿಕ್ ಭೂರ್ಜದ ಬೇರು ಹಿಡಿಯುವ ಬಗೆ

ಹಿಮಾಲಯದ ಭೂರ್ಜ ಮರಕ್ಕೆ ಪೂರ್ವ ಯುರೋಪಿನಲ್ಲಿ ಬಿಳಿ ತೊಗಟೆಯ ದಾಯಾದಿಗಳಿವೆ. ಅವುಗಳ ಹೆಸರಿನ ಮೂಲ ಬೇಕಿದ್ದರೆ ಸ್ಲಾವಿಕ್ ಭಾಷಾಕುಟುಂಬದ ಮೂರೂ ಕವಲುಗಳ ರೂಪಗಳನ್ನು ಮೊದಲು ಬರೆದುಕೊಳ್ಳಿ. ಪೂರ್ವದಲ್ಲಿ ರಷ್ಯನ್ ಬೆರ್ಯೋಜ಼ಾ, ಉಕ್ರೇನಿಯನ್ ಬೆರೆಜ಼ಾ. ಪಶ್ಚಿಮದಲ್ಲಿ ಪೋಲಿಷ್ ಬ್ಝೋಜ಼ಾ, ಚೆಕ್ ಬ್ರ್ಝೀಜ಼ಾ. ದಕ್ಷಿಣದಲ್ಲಿ ಬಲ್ಗೇರಿಯನ್, ಸರ್ಬಿಯನ್ ಬ್ರೆಜ಼ಾ. ಉಚ್ಚಾರಣೆಯೊಂದನ್ನೇ ನಂಬಿದರೆ ಕೆಟ್ಟಿರಿ: ಪೋಲಿಷ್ ಬರಹದಲ್ಲಿ 'ರ' ಇದೆ, ಬಾಯಲ್ಲಿಲ್ಲ.

ಈಗ 'ರ' ಎಲ್ಲಿ ಕೂತಿದೆ ನೋಡಿ. ಪೂರ್ವದವರು ಅದರ ಎರಡೂ ಬದಿಗೆ ಸ್ವರ ಇಟ್ಟರು, ಉಳಿದವರು ಸ್ವರವನ್ನು ಅದರ ನಂತರಕ್ಕೆ ತಳ್ಳಿದರು. ಇದು ಈ ಒಂದು ಪದದ ಚಾಳಿಯಲ್ಲ. ರಷ್ಯನ್ ಗೋರೊದ್ (ನಗರ), ಚೆಕ್ ಹ್ರಾದ್ (ಕೋಟೆ), ಸರ್ಬಿಯನ್ ಗ್ರಾದ್ (ನಗರ) ಕೂಡ ಹೀಗೇ. ಆದ್ದರಿಂದ ಮೂಲರೂಪ *ಬೆರ್ಜ಼ಾ (ನಕ್ಷತ್ರವೆಂದರೆ ಊಹಿಸಿ ಕಟ್ಟಿದ್ದು). ಹೆಚ್ಚು ಪರಿಚಿತವೆಂದು ರಷ್ಯನ್ ರೂಪವನ್ನೇ ಮೂಲವೆಂದುಕೊಳ್ಳುವುದು ಮಾಮೂಲಿ ತಪ್ಪು. ಸ್ಲಾವಿಕ್‌ನ ಹತ್ತಿರದ ನಂಟಿನ ಲಿಥುವೇನಿಯನ್ ಭಾಷೆಯ ಬೆರ್ಝಸ್ ಅದನ್ನು ತಿದ್ದುತ್ತದೆ: ಅಲ್ಲಿ 'ರ'ದ ನಂತರ ಸ್ವರವೇ ಇಲ್ಲ.

ಸಂಸ್ಕೃತದ ಭೂರ್ಜ, ಜರ್ಮನ್ ಬಿರ್ಕೆಗಳನ್ನು ಪಕ್ಕಕ್ಕಿಡಿ. ಭ–ಬ, ಜ–ಜ಼–ಕ ಹೊಂದಿಕೆ ಬೇರೆ ಪದಗಳಲ್ಲೂ ಸಿಕ್ಕರೆ ಮಾತ್ರ ನಂಬಿ. ಸಿಗುತ್ತದೆ: ಸಂಸ್ಕೃತ ಭ್ರಾತೃ–ರಷ್ಯನ್ ಬ್ರಾತ್, ಜ್ಞಾ–ಜ಼್ನಾತ್.

ಆದರೆ ಭೂರ್ಜದಲ್ಲಿ 'ಎ' ಹೋಗಿ 'ಊ' ಏಕೆ ಬಂತು? ಹೆಚ್ಚಿನವರು ಎಡವುವುದು ಇಲ್ಲೇ. ಸಂಸ್ಕೃತ ರೂಪ ಹುಟ್ಟಿದ್ದು ಧಾತುವಿನ ಸ್ವರಲೋಪದ ಅವಸ್ಥೆಯಿಂದ. ಅಲ್ಲಿ 'ರ್' ತಾನೇ ಸ್ವರದ ಕೆಲಸ ಮಾಡುತ್ತಿತ್ತು, ಅದರ ನಂತರ ಈಗ ಅಳಿದಿರುವ ಒಂದು ಕಂಠ್ಯ ವ್ಯಂಜನವಿತ್ತು. ಓಷ್ಠ್ಯದ ನಂತರ ಇವೆರಡೂ ಸೇರಿ 'ಊರ್' ಆಯಿತು. 'ಪೂರ್ಣ'ದ ದೀರ್ಘವೂ ಹೀಗೇ ಬಂದದ್ದು. ಅದರ ಲಿಥುವೇನಿಯನ್ ಜೋಡಿ ಪಿಲ್ನಸ್. ಅಳಿದ ವ್ಯಂಜನದ ಗುರುತು ಸ್ಲಾವಿಕ್‌ನಲ್ಲೂ ಇದೆ: ಚೆಕ್‌ನಲ್ಲಿ ದೀರ್ಘ 'ಈ', ರಷ್ಯನ್‌ನಲ್ಲಿ ಒತ್ತು ಎರಡನೇ ಸ್ವರದ ಮೇಲೆ. ತಾಳೆ ನೋಡಲು 'ದಡ' ಎಂಬರ್ಥದ ಪದ ತೆಗೆದುಕೊಳ್ಳಿ: ರಷ್ಯನ್ ಬೆರೆಗ್‌ನಲ್ಲಿ ಒತ್ತು ಮೊದಲ ಸ್ವರಕ್ಕೆ, ಚೆಕ್ ಬ್ರ್ಝೆಹ್‌ನಲ್ಲಿ ಸ್ವರ ಹ್ರಸ್ವ. ಧ್ವನಿ ಹತ್ತಿರವಿದ್ದರೂ ಬೆರೆಗ್ ಮತ್ತು ಬೆರ್ಯೋಜ಼ಾ ನಂಟರಲ್ಲ.

ಅರ್ಥವನ್ನು ಕೊನೆಗೆ ನೋಡಿ, ಮೊದಲಲ್ಲ. 'ಹೊಳೆಯುವುದು' ಎಂಬರ್ಥದ ಧಾತು (ಸಂಸ್ಕೃತದ ಭ್ರಾಜ್) ಬಿಳಿ ತೊಗಟೆಗೆ ಒಪ್ಪುತ್ತದೆ. ತಿಂಗಳ ಹೆಸರುಗಳ ವಿಷಯದಲ್ಲಿ ಎಚ್ಚರ: ಉಕ್ರೇನಿಯನ್‌ನಲ್ಲಿ ಮಾರ್ಚ್ ಬೆರೆಜ಼ೆನ್, ಚೆಕ್‌ನಲ್ಲಿ ಬ್ರ್ಝೆಜ಼ೆನ್. ಚೆಕ್ ಹೆಸರನ್ನು ಗಬ್ಬವಾದ ಪ್ರಾಣಿಯನ್ನು ಸೂಚಿಸುವ ಪದಕ್ಕೆ ಜೋಡಿಸುವವರೂ ಇರುವುದರಿಂದ ಅದನ್ನು ಸಾಕ್ಷಿಯಾಗಿ ಬಳಸಬೇಡಿ.